ವಾರ್ ಗಂಟು ಮತ್ತು ಹದಿನೈದು ಬೈಟಿನ ಭೇರ್ಯ

ಹೆದರಬೇಡಿ, ಈ ವಾರ್ ಯುದ್ಧವಲ್ಲ. ವೆಬ್ ಆರ್ಕೈವ್ ಅನ್ನೋದರ ಮೊಟಕು ರೂಪ ಅಷ್ಟೇ. ನನ್ನೂರು ಕೆ.ಆರ್.ನಗರ ಕಡೆಯ ಭೇರ್ಯ. ದೂರದ ಊರಿಗೆ ಹೊರಟರೆ ನಮ್ಮಲ್ಲಿ ಬುತ್ತಿ ಕಟ್ಟಿಕೊಡ್ತಾರೆ. ಗಂಟು ಬಿಚ್ಚಿದ ಕಡೆ ಊಟ! ಜಾವಾದವರು ಮಾಡಿದ್ದೂ ಇದನ್ನೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 1989ರಲ್ಲಿ ಫಿಲ್ ಕಾಟ್ಜ್ ಜಿಪ್ ಕಡತದ ರೂಪವನ್ನು ಹೊರತಂದ. 1997ರಲ್ಲಿ ಬಂದ ಜೆಡಿಕೆ 1.1 ಅದೇ ಜಿಪ್ಪಿಗೆ ಜಾರ್ ಅಂತ ಹೆಸರಿಟ್ಟು, ಜಾವಾ ಕ್ಲಾಸುಗಳನ್ನು ಅದರೊಳಗೆ ತುಂಬಿತು. ಆದರೆ ವೆಬ್ ತಂತ್ರಾಂಶದಲ್ಲಿ ಕ್ಲಾಸುಗಳಷ್ಟೇ ಅಲ್ಲ, ಪುಟ, ಚಿತ್ರ, ಸೆಟ್ಟಿಂಗು ಎಲ್ಲಾ ಇರುತ್ತೆ. ಒಂದೊಂದು ಸರ್ವರಿನಲ್ಲಿ ಅವನ್ನು ಇಡೋ ಜಾಗ ಒಂದೊಂದು ಥರ. 1999ರ ಸರ್ವ್ಲೆಟ್ 2.2 ನಿಯಮಾವಳಿ ಈ ಗೋಜಲು ಬಿಡಿಸಿತು. ಎಲ್ಲವೂ ಒಂದೇ ವಾರ್ ಕಡತದಲ್ಲಿ. ಏನು ಎಲ್ಲಿದೆ ಅಂತ ಹೇಳೋಕೆ ಒಳಗೇ ಒಂದು ವೆಬ್.ಎಕ್ಸ್‌ಎಂಎಲ್. ಟಾಮ್‌ಕ್ಯಾಟಿನ ವೆಬ್ಆಪ್ಸ್ ಫೋಲ್ಡರಿಗೆ ಹಾಕಿದರೆ ಸಾಕು, ಗಂಟನ್ನು ಅದೇ ಬಿಚ್ಚಿಕೊಳ್ಳುತ್ತೆ.

ಇದರಿಂದ ನಮಗೇನು ಲಾಭ ಅಂತೀರಾ? ಎಂಐಟಿ ಮತ್ತು ಎಚ್‌ಪಿ ಸೇರಿ 2002ರಲ್ಲಿ ಡಿಸ್ಪೇಸ್ ಎಂಬ ಉಚಿತ ಗ್ರಂಥಾಲಯ ತಂತ್ರಾಂಶ ಬಿಟ್ಟರು. ಅದೂ ವಾರ್ ಗಂಟಾಗಿಯೇ ಟಾಮ್‌ಕ್ಯಾಟಿಗೆ ಇಳೀತಿತ್ತು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ಡಿಆರ್‌ಟಿಸಿ ಇದೆಯಲ್ಲ, 1962ರಲ್ಲಿ ಎಸ್.ಆರ್. ರಂಗನಾಥನ್ ಕಟ್ಟಿದ್ದು, ಅಲ್ಲಿ 2000ರ ದಶಕದಲ್ಲಿ ಗ್ರಂಥಪಾಲಕರಿಗೆ ಡಿಸ್ಪೇಸ್ ತರಬೇತಿ ನಡೀತಿತ್ತು. ಪ್ರೋಗ್ರಾಮರುಗಳಲ್ಲದವರೂ ಡಿಜಿಟಲ್ ಗ್ರಂಥಾಲಯ ಎಬ್ಬಿಸೋ ಹಾಗಾಯ್ತು.

ಆದರೆ ಗಂಟಿನೊಳಗೆ ಒಂದು ಮಾತ್ರ ಇರಲಿಲ್ಲ... ಅದೇ ಕನ್ನಡ!

ಯುಟಿಎಫ್-8ರಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟು. 'ಭೇರ್ಯ' ಅಂದರೆ ಭ, ಏತ್ವ, ರ, ಹಲಂತ, ಯ. ಒಟ್ಟು 5 ಸಂಕೇತ, 15 ಬೈಟು. ಟಾಮ್‌ಕ್ಯಾಟ್ 5ರಿಂದ 7ರವರೆಗೆ, ವಿಳಾಸದಲ್ಲಿ ಬಂದ ಅಕ್ಷರಗಳನ್ನು ಯುರೋಪಿನ ಲ್ಯಾಟಿನ್-1 ಅಂತಲೇ ಓದ್ತಿತ್ತು. ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಹಾಗಾಗಿ ಭೇರ್ಯ ಅಂತ ಹುಡುಕಿದರೆ ಸರ್ವರ್ ಹುಡುಕುತ್ತಿದ್ದದ್ದು 15 ಕಾಗೆಕಾಲುಗಳನ್ನ! ಪುಸ್ತಕ ಒಳಗೇ ಇದ್ದರೂ ಇಲ್ಲ ಅನ್ನೋ ಉತ್ತರ.

ಇದಕ್ಕೆ ಮದ್ದು ಒಂದೇ ಒಂದು ಪದದ ಸೆಟ್ಟಿಂಗು. ಆದರೆ ಅದು ವಾರ್ ಒಳಗಿರಲಿಲ್ಲ, ಸರ್ವರಿನ ಕಡತದಲ್ಲಿತ್ತು. ಡಿಸ್ಪೇಸ್ ಕೈಪಿಡಿ ಅದನ್ನು ಬರೆದೇ ಇತ್ತು. ಕೈಪಿಡಿ ಓದದೆ ಗಂಟಷ್ಟೇ ಇಳಿಸಿದವರಿಗೆ ಇಂಗ್ಲಿಷ್ ಸರಾಗ, ಕನ್ನಡ ಮಾತ್ರ ಮಾಯ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಗೊತ್ತಾಗೋದಾದರೂ ಹೇಗೆ?

2014ರ ಟಾಮ್‌ಕ್ಯಾಟ್ 8ರಲ್ಲಿ ಯುಟಿಎಫ್-8 ತಾನಾಗಿಯೇ ಬಂತು. ಫಾರಂ ತುಂಬಿ ಕಳಿಸೋ ಮಾತುಗಳಿಗೆ 2017ರ ಸರ್ವ್ಲೆಟ್ 4.0 ವೆಬ್.ಎಕ್ಸ್‌ಎಂಎಲ್ಲಿನಲ್ಲೇ ಜಾಗ ಕೊಟ್ಟಿತು. ವಾರ್ ಹುಟ್ಟಿ 18 ವರ್ಷದ ಮೇಲೆ! ಅಷ್ಟರಲ್ಲಿ 2013ರಲ್ಲಿ ಡಾಕರ್, 2014ರಲ್ಲಿ ಸ್ಪ್ರಿಂಗ್ ಬೂಟ್ 1.0 ಬಂದು, ಸರ್ವರನ್ನೇ ಗಂಟಿನೊಳಗೆ ಕಟ್ಟೋ ಕಾಲ ಶುರುವಾಗಿತ್ತು.

ನನಗೆ ಈ ಚರಿತ್ರೆ ಹೇಳೋದು ಇಷ್ಟೇ. ಗಂಟು ಕಟ್ಟೋರು 'ಇದು ಎಲ್ಲರ ಹತ್ರ ಇದ್ದೇ ಇರುತ್ತೆ' ಅಂದುಕೊಂಡಿದ್ದೇ ಹೊರಗುಳಿಯೋದು. ಅವರ ಭಾಷೆಗೆ ಲ್ಯಾಟಿನ್-1 ಸಾಕಿತ್ತು, ನಮ್ಮದಕ್ಕೆ ಸಾಲದು. ಅದಕ್ಕೇ ಯಾರಾದರೂ 'ಎಲ್ಲಾ ಇದರೊಳಗೇ ಇದೆ' ಅಂತ ಹೊಸ ತಂತ್ರಾಂಶ ಕೊಟ್ಟರೆ ಮೊದಲು ನಿಮ್ಮೂರಿನ ಹೆಸರನ್ನ ಕನ್ನಡದಲ್ಲಿ ಹಾಕಿ ಹುಡುಕಿ ನೋಡಿ. ಒತ್ತಕ್ಷರ ಇರೋ ಊರಾದರೆ ಇನ್ನೂ ಒಳ್ಳೇದು!