ಎಂಟು ಮೂಲೆಯ ಲಾಂಛನ ಯಾವ ದೇಶದ್ದು?

ಎಂಜಿ ಕಾರಿನ ಮೂತಿಯ ಮೇಲಿರುವ ಎಂಟು ಮೂಲೆಯ ಲಾಂಛನಕ್ಕೆ ನೂರು ವರ್ಷದ ಇತಿಹಾಸವಿದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ವಿಲಿಯಂ ಮಾರಿಸ್ ಅವರಿಗೆ ಸೇರಿದ ‘ಮಾರಿಸ್ ಗ್ಯಾರೇಜಸ್’ ಎಂಬ ಮಳಿಗೆಯಲ್ಲಿ, 1920ರ ದಶಕದಲ್ಲಿ ಸೆಸಿಲ್ ಕಿಂಬರ್ ಎಂಬ ವ್ಯವಸ್ಥಾಪಕ ಎಂಜಿ ಕಾರಿಗೆ ಹುಟ್ಟು ಕೊಟ್ಟರು. ಇಂದು ಬೆಂಗಳೂರಿನ ರಸ್ತೆಯಲ್ಲಿ ಓಡುವ ಎಂಜಿಯನ್ನು ಒಬ್ಬರು ಬ್ರಿಟಿಷ್ ಕಾರು ಅನ್ನುತ್ತಾರೆ, ಇನ್ನೊಬ್ಬರು ಚೀನಾದ್ದು ಅನ್ನುತ್ತಾರೆ, ಮತ್ತೊಬ್ಬರು ಗುಜರಾತಿನಲ್ಲೇ ತಯಾರಾಗುವುದರಿಂದ ನಮ್ಮದೇ ಅನ್ನುತ್ತಾರೆ. ಮೂರೂ ಮಾತಿಗೆ ಆಧಾರವಿದೆ. ಯಾವ ಕಾಗದ ಯಾವ ಉತ್ತರ ಕೊಡುತ್ತದೆ, ಅದರಲ್ಲಿ ಯಾವುದಕ್ಕೆ ತೂಕ ಹೆಚ್ಚು ಎಂದು ಕಂಡುಕೊಳ್ಳಲು ನಾನು ದಾಖಲೆಗಳ ಬೆನ್ನು ಹತ್ತಿದೆ.

ಮೊದಲು ನೋಡಿದ್ದು ಚಾಸಿ ನಂಬರ್. ಅಂಕಿ-ಅಕ್ಷರ ಸೇರಿ 17 ಇರುವ ಈ ಸಂಖ್ಯೆಯ ಮೊದಲ ಮೂರು ತಯಾರಕರ ಗುರುತು; ಅವರ ದೇಶವೂ ಅದರಲ್ಲೇ ಗೊತ್ತಾಗುತ್ತದೆ. ಬರ್ಮಿಂಗ್‌ಹ್ಯಾಮ್ ಬಳಿಯ ಲಾಂಗ್‌ಬ್ರಿಜ್‌ನಲ್ಲಿ ತಯಾರಾದ ಹಳೆಯ ಎಂಜಿ ಟಿಎಫ್ ಕಾರಿನ ನಂಬರ್ ‘ಎಸ್ಎಆರ್’ ಎಂದು ಶುರುವಾಗುತ್ತದೆ, ಅದು ಬ್ರಿಟನ್. ಈಗ ಯುರೋಪಿನಲ್ಲಿ ಬಿಕರಿಯಾಗುವ ಎಂಜಿಗಳಲ್ಲಿ ‘ಎಲ್ಎಸ್‌ಜೆ’ ಎಂದಿರುತ್ತದೆ, ಅದು ಚೀನಾ. ಗುಜರಾತಿನ ಹಾಲೋಲ್ ಕಾರ್ಖಾನೆಯ ಕಾರಿನದು ‘ಎಂ’ ಅಕ್ಷರದ ಭಾರತೀಯ ಸರಣಿ. ಲಾಂಛನ ಒಂದೇ, ದೇಶ ಮೂರು.

ಹಾಗಾದರೆ ಚಾಸಿ ನಂಬರನ್ನೇ ನಂಬೋಣವೆಂದರೆ ಮಿನಿ ಕಾರು ಅಡ್ಡ ಬರುತ್ತದೆ. ಅದು ತಯಾರಾಗುವುದು ಎಂಜಿ ಹುಟ್ಟಿದ ಅದೇ ಆಕ್ಸ್‌ಫರ್ಡ್‌ನಲ್ಲಿ, ಕೌಲಿ ಎಂಬಲ್ಲಿ. ಆದರೆ ಅದರ ನಂಬರ್ ‘ಡಬ್ಲ್ಯುಎಂಡಬ್ಲ್ಯು’ ಎಂದು ಶುರುವಾಗುತ್ತದೆ, ಅಂದರೆ ಜರ್ಮನಿ. ಮಾಲೀಕರು ಬಿಎಂಡಬ್ಲ್ಯು. ಇಂಗ್ಲೆಂಡಿನ ಕಾರ್ಮಿಕರು ಜೋಡಿಸಿದ ಕಾರಿಗೆ ಜರ್ಮನ್ ಗುರುತು. ಈ ಸಂಖ್ಯೆ ತಯಾರಕ ಯಾರೆಂದು ಹೇಳುತ್ತದೆ, ದುಡಿದವರು ಯಾರೆಂದು ಹೇಳುವುದಿಲ್ಲ.

ಅಲ್ಲಿಂದ ಹುಡುಕಾಟ 2005ಕ್ಕೆ ಹೋಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಎಂಜಿ ರೋವರ್ ಕಂಪನಿ ದಿವಾಳಿಯಾಗಿ, ಸುಮಾರು 6,000 ಜನ ಕೆಲಸ ಕಳೆದುಕೊಂಡರು. ಬ್ರಿಟಿಷ್ ಸರ್ಕಾರ ನೇಮಿಸಿದ ತನಿಖಾಧಿಕಾರಿಗಳು 2009ರಲ್ಲಿ ದೊಡ್ಡದೊಂದು ವರದಿ ಕೊಟ್ಟರು. 2000ದಲ್ಲಿ ಬಿಎಂಡಬ್ಲ್ಯು ಈ ಕಂಪನಿಯನ್ನು ಕೇವಲ 10 ಪೌಂಡ್‌ಗೆ ಕೈದಾಟಿಸಿದ ಬಗೆ, ಕೊಂಡವರು ಕಂಪನಿ ಮುಳುಗುತ್ತಿರುವಾಗಲೂ ತಮಗೆಂದು ತೆಗೆದುಕೊಂಡ ಕೋಟಿಗಟ್ಟಲೆ ಸಂಬಳ, ಪಿಂಚಣಿ ಎಲ್ಲವೂ ಅಲ್ಲಿದೆ. ಆಡಳಿತ ‘ನಮ್ಮವರ’ ಕೈಯಲ್ಲಿದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುತ್ತದೆಂಬ ನಂಬಿಕೆ ಈ ವರದಿಯ ಮುಂದೆ ನಿಲ್ಲುವುದಿಲ್ಲ.

ಆಮೇಲೆ ನಡೆದದ್ದು ಅಣ್ಣತಮ್ಮಂದಿರು ಪಾಲಾದ ಹಾಗೆ: ಹೊಲ ಒಬ್ಬನಿಗೆ, ಎತ್ತು ಒಬ್ಬನಿಗೆ, ಮನೆತನದ ಹೆಸರು ಮತ್ತೊಬ್ಬನಿಗೆ. ರೋವರ್ 25 ಮತ್ತು 75ರ ವಿನ್ಯಾಸ ಹಾಗೂ ಕೆ-ಸೀರೀಸ್ ಎಂಜಿನ್ ಹಕ್ಕನ್ನು ಶಾಂಘೈನ ಎಸ್ಎಐಸಿ ದಿವಾಳಿಗೆ ಮುಂಚೆಯೇ 6.7 ಕೋಟಿ ಪೌಂಡ್‌ಗೆ ಕೊಂಡಿತ್ತು. ಯಂತ್ರಗಳು ಮತ್ತು ಎಂಜಿ ಹೆಸರು ಸುಮಾರು 5.3 ಕೋಟಿ ಪೌಂಡ್‌ಗೆ ನಾನ್‌ಜಿಂಗ್ ಆಟೊಮೊಬೈಲ್ ಪಾಲಾದವು; ಲಾಂಗ್‌ಬ್ರಿಜ್‌ನ ಯಂತ್ರಗಳನ್ನು ಬಿಚ್ಚಿ ಹಡಗಿನಲ್ಲಿ ಚೀನಾಕ್ಕೆ ಸಾಗಿಸಲಾಯಿತು. ರೋವರ್ ಎಂಬ ಹೆಸರು ಮಾತ್ರ ಬಿಎಂಡಬ್ಲ್ಯು ಬಳಿ ಉಳಿದಿತ್ತು. 2006ರಲ್ಲಿ ಫೋರ್ಡ್ ಅದನ್ನು ಕೊಂಡಿತು. ಹೀಗಾಗಿ ರೋವರ್‌ನ ವಿನ್ಯಾಸವಿದ್ದೂ ಹೆಸರಿಲ್ಲದ ಎಸ್ಎಐಸಿ, ತನ್ನ ಕಾರಿಗೆ ‘ರೋವೆ’ ಎಂಬ ಹೊಸ ಹೆಸರು ಕಟ್ಟಬೇಕಾಯಿತು. 2008ರಲ್ಲಿ ಜಾಗ್ವಾರ್-ಲ್ಯಾಂಡ್ ರೋವರ್ ಜೊತೆಗೆ ರೋವರ್ ಹೆಸರೂ ಫೋರ್ಡ್‌ನಿಂದ ನಮ್ಮ ಟಾಟಾ ಮೋಟಾರ್ಸ್‌ಗೆ ಬಂತು. ಅಷ್ಟರಲ್ಲಿ ನಾನ್‌ಜಿಂಗ್ ಕಂಪನಿಯೇ ಎಸ್ಎಐಸಿಯಲ್ಲಿ ವಿಲೀನವಾಗಿ, ಎಂಜಿ ಅದರ ಕೈಸೇರಿತ್ತು.

ಹೊಸ ಮಾಲೀಕರು ಲಾಂಗ್‌ಬ್ರಿಜ್‌ನಲ್ಲಿ ಸಣ್ಣ ಪ್ರಮಾಣದಲ್ಲಿ ಕಾರು ಜೋಡಿಸಿದರಾದರೂ 2016ರಲ್ಲಿ ಅದನ್ನೂ ನಿಲ್ಲಿಸಿದರು. ಹಾಗೆಂದು ಎಂಜಿಯ ವ್ಯಾಪಾರ ಕುಸಿಯಲಿಲ್ಲ. 2023ರಲ್ಲಿ ಬ್ರಿಟನ್‌ನಲ್ಲೇ 80 ಸಾವಿರಕ್ಕೂ ಹೆಚ್ಚು ಎಂಜಿಗಳು ಮಾರಾಟವಾದವು, ಒಂದೂ ಅಲ್ಲಿ ತಯಾರಾದದ್ದಲ್ಲ. ಬ್ರಿಟಿಷ್ ನೆನಪು ಮಾರಾಟಕ್ಕೆ ಒದಗಿತು, ಕೂಲಿ ಮಾತ್ರ ಬೇರೆಡೆ ಹೋಯಿತು. ಲಾಂಗ್‌ಬ್ರಿಜ್‌ನ ಆ ಆರು ಸಾವಿರ ಮನೆಗಳನ್ನು ಮರೆತು ಈ ಲಾಂಛನದ ಪರಂಪರೆಯ ಬಗ್ಗೆ ಮಾತಾಡುವುದು ನನಗೆ ಸರಿಕಾಣುವುದಿಲ್ಲ.

ಲಾಂಛನಕ್ಕೆ ಮರುಳಾಗದ ಇಲಾಖೆ ಎಂದರೆ ಸುಂಕದ್ದು. 2024ರ ಅಕ್ಟೋಬರ್ ಕೊನೆಯಲ್ಲಿ ಯುರೋಪಿಯನ್ ಒಕ್ಕೂಟ ಚೀನಾದಲ್ಲಿ ತಯಾರಾದ ಎಲೆಕ್ಟ್ರಿಕ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹೇರಿತು. ಎಸ್ಎಐಸಿ ಕಾರುಗಳಿಗೆ, ಅಂದರೆ ಎಂಜಿಗೂ, ಶೇ 35.3. ಮಾಮೂಲಿ ಶೇ 10 ಅದರ ಮೇಲೆ. ಚೀನಾದಲ್ಲಿ ತಯಾರಾಗುವ ಎಲೆಕ್ಟ್ರಿಕ್ ಮಿನಿಗೂ ಶೇ 20.7 ಬಿತ್ತು. ಅಮೆರಿಕದ ಟೆಸ್ಲಾ ಕೂಡ ಶಾಂಘೈಯಿಂದ ಹೊರಟದ್ದಾದರೆ ಶೇ 7.8 ತೆರಬೇಕು.

ನಮ್ಮಲ್ಲಿ ಪ್ರಶ್ನೆ ಬಂದದ್ದು ಬಂಡವಾಳದ ಕಡೆಯಿಂದ. ಎಸ್ಎಐಸಿ 2017ರಲ್ಲಿ ಜನರಲ್ ಮೋಟಾರ್ಸ್‌ನ ಹಾಲೋಲ್ ಕಾರ್ಖಾನೆ ಕೊಂಡು, 2019ರಲ್ಲಿ ಹೆಕ್ಟರ್ ಕಾರನ್ನು ಬಿಡುಗಡೆ ಮಾಡಿತು. ಅದರ ಮೂಲ ಚೀನಾದ ಬಾವೋಜುನ್ 530. ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮ 2020ರ ಏಪ್ರಿಲ್‌ನಲ್ಲಿ ಬಂದ ಮೇಲೆ ಶಾಂಘೈನಿಂದ ಹಣ ತರುವ ದಾರಿ ಕಷ್ಟವಾಯಿತು. 2023ರಲ್ಲಿ ಎಂಜಿಯ ಭಾರತದ ಕಂಪನಿಯಲ್ಲಿ ಜೆಎಸ್‌ಡಬ್ಲ್ಯು ಶೇ 35ರ ಪಾಲುದಾರನಾಗಲು ಒಪ್ಪಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಸಮೂಹವೇ ಅದು. ಹೀಗೆ ಷೇರುಪಟ್ಟಿಯಲ್ಲಿ ಎಂಜಿ ಇನ್ನಷ್ಟು ಭಾರತೀಯವಾಯಿತು. ಅಂದಮಾತ್ರಕ್ಕೆ ಅದರ ಕಾರಿನ ವಿನ್ಯಾಸ ಶಾಂಘೈ ಬಿಟ್ಟು ಬರಲಿಲ್ಲ.

ಇಷ್ಟು ಓದಿದ ಮೇಲೆ ನನಗೆ ಖಚಿತವಾದದ್ದು ಇದು: ಹೆಸರು ಒಂದು ಸಹಿಯಿಂದ ಕೈಬದಲಾಗುತ್ತದೆ, ಷೇರು ಒಂದು ಒಪ್ಪಂದದಿಂದ. ಮುಂದಿನ ಮಾದರಿ ಹೇಗಿರಬೇಕು, ಎಲ್ಲಿ ತಯಾರಾಗಬೇಕು, ಯಾವ ಕಾರ್ಖಾನೆ ಮುಚ್ಚಬೇಕು ಎಂದು ತೀರ್ಮಾನಿಸುವ ಮೇಜು ಎಲ್ಲಿದೆಯೋ ಕಾರಿನ ನಿಜವಾದ ದೇಶ ಅದೇ. ಎಂಜಿಯ ಮಟ್ಟಿಗೆ ಅದು ಶಾಂಘೈ. ಕೂಲಿ ಸಿಗುವ ಊರು ಅದರ ಎರಡನೆಯ ದೇಶ. ಹಾಲೋಲ್‌ಗೆ ಅಷ್ಟು ಹಕ್ಕು ಖಂಡಿತ ಇದೆ. ನಮ್ಮ ಬಿಡದಿಯೂ ಹೀಗೆಯೇ: ಅಲ್ಲಿನ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗುವ ಗ್ರ್ಯಾಂಡ್ ವಿಟಾರಾ ಸುಜುಕಿ ಲಾಂಛನ ಹೊತ್ತು ಹೊರಡುತ್ತದೆ.

ಅಮೆರಿಕದಲ್ಲಿ 1992ರ ಕಾನೂನಿನಂತೆ ಹೊಸ ಕಾರಿನ ಮೇಲೆ ಒಂದು ಚೀಟಿ ಅಂಟಿಸಲೇಬೇಕು. ಬಿಡಿಭಾಗಗಳಲ್ಲಿ ಶೇಕಡ ಎಷ್ಟು ಅಮೆರಿಕ-ಕೆನಡಾದ್ದು, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು, ಜೋಡಣೆ ಯಾವ ಊರಿನಲ್ಲಿ ಎಂದು ಅದರಲ್ಲಿ ಬರೆದಿರುತ್ತದೆ. ಅಂಥ ಚೀಟಿ ನಮ್ಮ ಶೋರೂಮುಗಳಿಗೂ ಬೇಕು. ಲಕ್ಷಗಟ್ಟಲೆ ಸಾಲ ಮಾಡಿ ಕಾರು ಕೊಳ್ಳುವವರಿಗೆ, ತಮ್ಮ ದುಡ್ಡಿನಿಂದ ಯಾವ ಊರಿನ ಕೈಗಳಿಗೆ ಕೆಲಸ ಸಿಕ್ಕಿತೆಂದು ತಿಳಿಯುವ ಹಕ್ಕಿದೆ.