ಮೆಲ್ಬರ್ನಿನ ಮನೆಗಳಲ್ಲಿ ಯೂರೋವಿಷನ್

ಯುರೋಪಿನ ಹಾಡಿನ ಸ್ಪರ್ಧೆಗೆ ಆಸ್ಟ್ರೇಲಿಯಾದವರು ಬೆಳಗಿನ ಜಾವವೇ ಎದ್ದು ಕೂರುತ್ತಾರೆಂದರೆ ನನಗೆ ನಗು ಬರುತ್ತಿತ್ತು. ಕಾರಣ ವಲಸೆಯ ಚರಿತ್ರೆಯಲ್ಲಿದೆ. ಎರಡನೇ ಮಹಾಯುದ್ಧದ ನಂತರ ಇಟಲಿ, ಗ್ರೀಸ್, ಯುಗೊಸ್ಲಾವಿಯಾಗಳಿಂದ ಲಕ್ಷಾಂತರ ಜನ ಅಲ್ಲಿಗೆ ಹೋಗಿ ನೆಲೆಸಿದರು. ಇಂಥವರ ಭಾಷೆಗಳಿಗೂ ಜಾಗ ಕೊಡಲೆಂದು ಹುಟ್ಟಿದ ಎಸ್‌ಬಿಎಸ್ ವಾಹಿನಿ 1983ರಲ್ಲಿ ಯೂರೋವಿಷನ್ ಪ್ರಸಾರ ಶುರುಮಾಡಿತು. ಆಗ ಪ್ರತಿ ದೇಶವೂ ತನ್ನ ನುಡಿಯಲ್ಲೇ ಹಾಡಬೇಕೆಂಬ ನಿಯಮವಿತ್ತು. ಸದಾ ಇಂಗ್ಲಿಷ್ ಮಾತಾಡುವ ಟಿವಿಯಲ್ಲಿ, ವರ್ಷಕ್ಕೊಮ್ಮೆಯಾದರೂ, ಮೆಲ್ಬರ್ನಿನ ಗ್ರೀಕ್ ಅಜ್ಜಿಗೆ ತನ್ನ ಭಾಷೆಯ ಹಾಡು! ಸಂಗೀತದ ಗುಣಮಟ್ಟ ಯಾರಿಗೆ ಬೇಕು?

1999ರಲ್ಲಿ ಆ ನಿಯಮ ಹೋಯಿತು. 2015ರಲ್ಲಿ ಆಸ್ಟ್ರೇಲಿಯಾವೇ ವೇದಿಕೆಯೇರಿತು. ಹಾಡಿದ ಗೈ ಸೆಬಾಸ್ಟಿಯನ್ ಹುಟ್ಟಿದ್ದು ಮಲೇಷ್ಯಾದಲ್ಲಿ. ಮರುವರ್ಷ ಎರಡನೇ ಸ್ಥಾನ ಪಡೆದ ಡಾಮಿ ಇಮ್ ದಕ್ಷಿಣ ಕೊರಿಯಾದಲ್ಲಿ. ಇಬ್ಬರೂ ಹಾಡಿದ್ದು ಇಂಗ್ಲಿಷಿನಲ್ಲಿ.