ಗುರುವಿನ ಮನೆಯ ಸಾಕ್ಷಿ

ಅಮೆರಿಕದ ಸ್ಥಾಪಕರೆಂದರೆ ವಿದ್ಯಾರ್ಥಿಗಳಿಗೆ ವಾಷಿಂಗ್ಟನ್, ಜೆಫರ್ಸನ್ ನೆನಪಾಗುತ್ತಾರೆ. ಜೆಫರ್ಸನ್‌ಗೆ ಕಾನೂನು ಕಲಿಸಿದ ಗುರು ಜಾರ್ಜ್ ವಿಥ್ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1779ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಅಮೆರಿಕದ ಮೊದಲ ಕಾನೂನು ಪ್ರಾಧ್ಯಾಪಕರಾದರು.

ವಿಥ್ ತಮ್ಮ ಗುಲಾಮರಲ್ಲಿ ಹಲವರನ್ನು ಬಿಡುಗಡೆ ಮಾಡಿದರು. ಹಾಗೆ ಸ್ವತಂತ್ರರಾದ ಲಿಡಿಯಾ ಬ್ರಾಡ್ನಾಕ್ಸ್ ಅವರ ಮನೆಯಲ್ಲೇ ಅಡುಗೆ ನೋಡಿಕೊಳ್ಳುತ್ತಿದ್ದರು. ಮೈಕೆಲ್ ಬ್ರೌನ್ ಎಂಬ ಕಪ್ಪುವರ್ಣೀಯ ಹುಡುಗನಿಗೆ ವಿಥ್ ತಾವೇ ಪಾಠ ಹೇಳುತ್ತಿದ್ದರು. 1806ರಲ್ಲಿ ರಿಚ್ಮಂಡ್‌ನ ಆ ಮನೆಯಲ್ಲಿ ಮೂವರೂ ಒಮ್ಮೆಲೇ ಕಾಯಿಲೆ ಬಿದ್ದರು. ಬ್ರೌನ್ ಮತ್ತು ವಿಥ್ ತೀರಿಕೊಂಡರು, ಲಿಡಿಯಾ ಬದುಕುಳಿದರು. ವಿಷವಿಕ್ಕಿದ ಆರೋಪ ವಿಥ್‌ರ ಸೋದರಿಯ ಮೊಮ್ಮಗನ ಮೇಲೆ ಬಂತು. ಆದರೆ ಕಪ್ಪುವರ್ಣೀಯರು ಬಿಳಿಯರ ವಿರುದ್ಧ ಸಾಕ್ಷಿ ಹೇಳುವಂತಿಲ್ಲ ಎಂಬುದು ವರ್ಜೀನಿಯಾದ ಕಾನೂನು. ಲಿಡಿಯಾ ಮಾತು ನ್ಯಾಯಾಲಯಕ್ಕೆ ಬರಲೇ ಇಲ್ಲ. ಆರೋಪಿ ಕೊಲೆ ಮೊಕದ್ದಮೆಯಿಂದ ಖುಲಾಸೆಯಾದ.

ಸ್ವಾತಂತ್ರ್ಯಾನಂತರ ಆ ರಾಜ್ಯದ ಕಾನೂನುಗಳನ್ನು ಪರಿಷ್ಕರಿಸಿದವರಲ್ಲಿ ಗುರು ವಿಥ್, ಶಿಷ್ಯ ಜೆಫರ್ಸನ್ ಇಬ್ಬರೂ ಇದ್ದರು. ಅವರ ಪರಿಷ್ಕರಣೆಯಲ್ಲಿ ಈ ನಿಯಮ ಹಾಗೆಯೇ ಉಳಿದಿತ್ತು.

ವಿದ್ಯಾರ್ಥಿ ಮಿತ್ರರೇ, ವಿದ್ಯಾವಂತನ ಒಳ್ಳೆಯತನ ಅವನ ಮನೆಯ ಹೊಸ್ತಿಲಲ್ಲೇ ನಿಂತರೆ ಸಾಲದು. ಅದು ಎಲ್ಲರಿಗೂ ಅನ್ವಯವಾಗುವ ಕಾನೂನಾಗಬೇಕು.